ಮಾಲಿನೊಡನೆ ಪ್ರಯಾಣ: ಬೆನ್ನು ಕಾಪಾಡಿಕೊಳ್ಳುವ ಬಗೆ

ಕೊಯ್ಲು ಮುಗಿದು ಮಾಲು ಹೊರಡುವ ದಿನಗಳಲ್ಲಿ ಸಂಘದ ಅಂಗಳದಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಎರಡು. ಒಂದು ಧಾರಣೆಯದು, ಇನ್ನೊಂದು ಸೊಂಟದ್ದು. ಧಾರಣೆಯ ಬಗ್ಗೆ ಬರೆಯುವವರಿಗೆ ಕೊರತೆಯಿಲ್ಲ. ಆದ್ದರಿಂದ ಈ ಸಲ ಸೊಂಟದ ವಿಚಾರವನ್ನು ಸ್ವಲ್ಪ ವಿವರವಾಗಿ ನೋಡೋಣ.

"ಘಟ್ಟದ ರಸ್ತೆಯಲ್ಲಿ ಕೂತು ಕೂತು ಬೆನ್ನು ಹೋಯಿತು" ಎಂಬುದು ನಮ್ಮಲ್ಲಿ ಸಾಮಾನ್ಯವಾದ ದೂರು. ರಸ್ತೆಯನ್ನು ಬೈಯಲು ಕಾರಣಗಳು ಬೇಕಾದಷ್ಟಿವೆ, ಬೈಯುವವರಲ್ಲಿ ನಾವೂ ಸೇರಿದ್ದೇವೆ. ಆದರೆ ನೋವು ಹಿಡಿದುಕೊಂಡ ಗಳಿಗೆ ಯಾವುದೆಂದು ಬಿಡಿಸಿ ಕೇಳಿದರೆ ಉತ್ತರ ಅನೇಕ ವೇಳೆ ಬೇರೆಯೇ ಇರುತ್ತದೆ. ಗಾಡಿ ನಿಂತಿತು, ಇಳಿದೆ, ಚೀಲದ ಕಿವಿ ಹಿಡಿದು ಎಳೆದೆ, ಸೊಂಟದಲ್ಲಿ ಚಳಕ್ಕೆಂದಿತು! ಅಂದರೆ ಪ್ರಯಾಣ ಬೆನ್ನನ್ನು ಹದಗೆಡಿಸಿ ಇಟ್ಟಿರುತ್ತದೆ. ಕೆಡಿಸುವುದು ಇಳಿದ ಮೇಲಿನ ಮೊದಲ ಐದು ನಿಮಿಷ. ಆ ಐದು ನಿಮಿಷವನ್ನೂ, ಅದೇ ರೀತಿ ಬೆಳಿಗ್ಗೆ ಎದ್ದ ಮೇಲಿನ ಮೊದಲ ಒಂದು ಗಂಟೆಯನ್ನೂ ಸರಿಯಾಗಿ ಕಳೆದರೆ ಅರ್ಧ ಗೆದ್ದಂತೆ. ಬೆನ್ನುನೋವಿಗೆ ಕಾರಣ ಒಂದೇ ಅಲ್ಲ, ನಿಜ. ವಯಸ್ಸು, ಹಿಂದೆ ಬಿದ್ದ ಪೆಟ್ಟು, ನಿದ್ರೆಗೇಡು, ಮನಸ್ಸಿನ ಚಿಂತೆ, ಬೀಡಿ-ಸಿಗರೇಟು ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಇವುಗಳಲ್ಲಿ ನಾಳೆ ಬೆಳಿಗ್ಗೆಯೇ ನಮ್ಮ ಕೈಯಲ್ಲಿ ಬದಲಾಗುವಂಥದ್ದು ಯಾವುದು ಎಂಬುದು ಮುಖ್ಯ.

ಮಂಡಿಗೆ ಹೊರಟ ದಿನ

ಎರಡು-ಮೂರು ಎಕರೆ ತೋಟದ, ತೀರ್ಥಹಳ್ಳಿ ಕಡೆಯ ಒಬ್ಬ ಬೆಳೆಗಾರರು ಶಿವಮೊಗ್ಗದ ಮಂಡಿಗೆ ಅಡಿಕೆ ಒಯ್ಯುವ ದಿನವನ್ನು ತೆಗೆದುಕೊಳ್ಳಿ. ಮೂಡಿಗೆರೆ ಕಡೆಯವರು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಒಯ್ದರೂ ಕಥೆ ಇದೇ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು. ಒಂದು ಲೋಟ ಕಾಫಿ ಕುಡಿದು, ಐದು ಗಂಟೆಗೆ ಮಗನನ್ನೋ ಪಕ್ಕದ ಮನೆಯವರನ್ನೋ ಕರೆದು ಪಿಕಪ್ಪಿಗೆ ಚೀಲ ಏರಿಸುವುದು. ಐದೂವರೆಗೆ ಹೊರಟರೆ ತೋಟದ ಕಚ್ಚಾರಸ್ತೆ, ಆಮೇಲೆ ಡಾಂಬರು, ಹಂಪು, ತಿರುವು. ಹೆಚ್ಚು ಕಡಿಮೆ ಎರಡು ಗಂಟೆ ಅಲುಗಾಡದೆ ಕೂರುವುದು. ಅಲ್ಲಿ ತಲುಪಿದಾಗ ಹಮಾಲಿಗಳು ಇನ್ನೂ ಬಂದಿರುವುದಿಲ್ಲ, ಅಥವಾ ಬಂದಿದ್ದರೂ ಸರದಿ ದೂರವಿರುತ್ತದೆ. "ನಾಲ್ಕು ಚೀಲ ತಾನೇ, ನಾವೇ ಇಳಿಸಿದರಾಯಿತು" ಎಂದು ಕೈ ಹಾಕುವುದು.

ಬೆನ್ನಿನ ದೃಷ್ಟಿಯಿಂದ ನೋಡಿದರೆ ಈ ದಿನಚರಿಯಲ್ಲಿ ಎರಡು ಭಾರದ ಕೆಲಸಗಳಿವೆ, ಎರಡೂ ಅತ್ಯಂತ ಕೆಟ್ಟ ಹೊತ್ತಿನಲ್ಲಿ ಬಿದ್ದಿವೆ. ಅದು ಹೇಗೆಂದು ತಿಳಿಯಲು ಬೆನ್ನೆಲುಬಿನ ಒಳಗೆ ಒಮ್ಮೆ ಇಣುಕಬೇಕು.

ಮೆತ್ತೆ ಮತ್ತು ಕಟ್ಟು

ಬೆನ್ನಿನ ಮಣಿಗಳ ನಡುವೆ ಒಂದೊಂದು ಮೆತ್ತೆ ಇದೆ. ಡಾಕ್ಟರು ಡಿಸ್ಕ್ ಎನ್ನುವುದು ಇದನ್ನೇ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ನೀರು ಹೀರುವ ಲೋಳೆಯಂಥ ತಿರುಳು. ರಾತ್ರಿ ಮಲಗಿದಾಗ ಮೇಲಿನ ಭಾರ ಇಲ್ಲವಾಗುವುದರಿಂದ ಈ ಮೆತ್ತೆ ನೀರು ಹೀರಿ, ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ. ಆದ್ದರಿಂದಲೇ ಮನುಷ್ಯನು ರಾತ್ರಿಗಿಂತ ಬೆಳಿಗ್ಗೆ ಒಂದರಿಂದ ಎರಡು ಸೆಂಟಿಮೀಟರ್ ಎತ್ತರವಾಗಿರುತ್ತಾನೆ. ಎದ್ದು ಓಡಾಡತೊಡಗಿದ ಮೇಲೆ ನೀರು ಮೆಲ್ಲನೆ ಹೊರಬೀಳುತ್ತದೆ. ದಿನವಿಡೀ ಇಳಿಯುವ ಎತ್ತರದಲ್ಲಿ ಸುಮಾರು ಅರ್ಧ ಮೊದಲ ಒಂದು ಗಂಟೆಯಲ್ಲೇ ಇಳಿಯುತ್ತದೆ. ಉಬ್ಬಿದ ಮೆತ್ತೆಯ ಮೇಲೆ ಮುಂದಕ್ಕೆ ಬಗ್ಗಿ ಭಾರ ಎತ್ತಿದರೆ ಅದರ ಹಿಂಭಾಗದ ನಾರು ಬಿಗಿದು ಹಿಗ್ಗುತ್ತದೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಳೆಯ ಸೊಂಟನೋವಿದ್ದವರಿಗೆ ಬೆಳಿಗ್ಗೆ ಎದ್ದ ಮೊದಲ ಗಂಟೆಗಳಲ್ಲಿ ಬಗ್ಗುವುದನ್ನು ಬಿಡಿಸಿದಾಗ ಅವರ ನೋವು ಕಡಿಮೆಯಾದದ್ದು ಕಂಡುಬಂದಿತು. ಔಷಧಿ ಇಲ್ಲ, ಖರ್ಚೂ ಇಲ್ಲ. (ಕುಕ್ಕರಗಾಲಿನಲ್ಲಿ ಕುಳಿತು ನಸುಕಿನಲ್ಲೇ ಹಾಲು ಕರೆಯುವ ಮನೆಯ ಹೆಂಗಸರ ಬೆನ್ನಿಗೂ ಇದು ಅನ್ವಯಿಸುತ್ತದೆ. ಒಂದು ಗಿಡ್ಡ ಮಣೆಯಾದರೂ ಇರಲಿ.)

ಇನ್ನು ಕೂರುವ ವಿಚಾರ. ಮಣಿಗಳನ್ನು ಹಿಂದಿನಿಂದ ಹಿಡಿದಿಟ್ಟಿರುವ ಕಟ್ಟುಗಳಿವೆ. ಗೂನಾಗಿ ಕುಳಿತಾಗ ಇವು ಎಳೆದ ಹಗ್ಗದಂತೆ ಮೆಲ್ಲಮೆಲ್ಲನೆ ಉದ್ದವಾಗುತ್ತವೆ. ಎದ್ದ ಕೂಡಲೇ ಮೊದಲಿನ ಬಿಗಿಗೆ ಬರುವುದಿಲ್ಲ. ಕೆನಡಾದ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು 20 ನಿಮಿಷ ಪೂರ್ತಿ ಬಗ್ಗಿ ಕೂರಿಸಿ ಆಮೇಲೆ ಅಳೆದರು. ಎದ್ದ ಎರಡು ನಿಮಿಷದಲ್ಲಿ ಸಡಿಲವಾದದ್ದು ಅರ್ಧದಷ್ಟು ಮಾತ್ರ ಸರಿಹೋಗಿತ್ತು. ಅರ್ಧ ಗಂಟೆ ಕಳೆದರೂ ಸ್ವಲ್ಪ ಉಳಿದಿತ್ತು. ಇಪ್ಪತ್ತು ನಿಮಿಷಕ್ಕೆ ಹೀಗಾದರೆ ಎರಡು ಗಂಟೆಯ ಪಿಕಪ್ ಪ್ರಯಾಣಕ್ಕೆ ಹೇಗೆಂದು ನೀವೇ ಊಹಿಸಬಹುದು. ಅಂಥ ಸಡಿಲ ಸ್ಥಿತಿಯಲ್ಲಿ, ದಣಿದ ಸ್ನಾಯುಗಳೊಡನೆ, ಗಾಡಿಯ ಹಿಂಭಾಗದಿಂದ ಸೊಂಟ ತಿರುಚಿ ಒಂದು ಚೀಲ ಎಳೆಯುವುದೆಂದರೆ ಆಧಾರ ಕಿತ್ತ ಕಂಬಕ್ಕೆ ಏಣಿ ಒರಗಿಸಿದ ಹಾಗೆ.

ಇದಕ್ಕೆ ಅದುರಾಟವೂ ಸೇರುತ್ತದೆ. ಕುಳಿತ ಮನುಷ್ಯನ ಬೆನ್ನು ಸೆಕೆಂಡಿಗೆ ನಾಲ್ಕರಿಂದ ಆರು ಸಲ ಮೇಲೆ ಕೆಳಗೆ ಕುಲುಕಿದಾಗ ಅತ್ಯಂತ ಹೆಚ್ಚು ಅದುರುತ್ತದೆ. ಹಳೆಯ ಜೀಪು, ಟ್ರಾಕ್ಟರು ಮತ್ತು ಗಟ್ಟಿ ಪಟ್ಟಿ-ಸ್ಪ್ರಿಂಗಿನ ಪಿಕಪ್ಪುಗಳು ಕೆಟ್ಟ ರಸ್ತೆಯಲ್ಲಿ ಕುಲುಕುವುದು ಹೆಚ್ಚಾಗಿ ಈ ಲೆಕ್ಕದಲ್ಲೇ. ಟ್ರಾಕ್ಟರು, ಟ್ರಕ್ಕು ಓಡಿಸುವವರಲ್ಲಿ ಸೊಂಟನೋವು ಹೆಚ್ಚೆಂಬುದು ಬಹುಕಾಲದಿಂದ ತಿಳಿದ ಸಂಗತಿ.

ಜಗಲಿಯನ್ನು ಉಪಯೋಗಿಸಿಕೊಳ್ಳಿ

ಹಾಗಾದರೆ ಮಾಡುವುದೇನು? ಮೊದಲನೆಯದಾಗಿ, ಚೀಲ ಏರಿಸುವ ಕೆಲಸವನ್ನು ಹಿಂದಿನ ಸಂಜೆಗೆ ಹಾಕಿಕೊಳ್ಳಿ. ರಾತ್ರಿ ಗಾಡಿಯಲ್ಲಿ ಮಾಲು ಬಿಟ್ಟರೆ ಇಬ್ಬನಿ ಮತ್ತು ಕಳ್ಳರ ಭಯ ಎನ್ನುತ್ತೀರಿ, ಸರಿಯೇ. ಅಡಿಕೆಯ ಬೆಲೆ ಗೊತ್ತಿರುವವರಾರೂ ಅಂಗಳದಲ್ಲಿ ಬಿಟ್ಟು ನಿದ್ದೆ ಮಾಡುವುದಿಲ್ಲ. ಗಾಡಿಗೆ ಕೊಟ್ಟಿಗೆ ಇಲ್ಲದವರು ಸಂಜೆಯೇ ಚೀಲಗಳನ್ನು ಒಳಗಿನಿಂದ ತಂದು ಜಗಲಿಯ ಅಂಚಿಗೆ, ಇಲ್ಲವೆ ಬಾಗಿಲೊಳಗೆ ಒಂದು ಗಟ್ಟಿ ಮೇಜಿನ ಮೇಲೆ ಜೋಡಿಸಿಡಬಹುದು. ನಮ್ಮ ಮಲೆನಾಡಿನ ಹಳೆಯ ಮನೆಗಳ ಎತ್ತರದ ಜಗಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬೆಳಿಗ್ಗೆ ಗಾಡಿಯನ್ನು ಹಿಮ್ಮುಖವಾಗಿ ತಂದು ಜಗಲಿಗೆ ತಾಗಿಸಿ ನಿಲ್ಲಿಸಿದರೆ, ಎರಡು ಹಲಗೆ ಹಾಸಿ ಚೀಲವನ್ನು ಎತ್ತದೆ ಜಾರಿಸಬಹುದು. ಜಗಲಿಗಿಂತ ಗಾಡಿ ಒಂದು ಗೇಣು ಎತ್ತರವಿದ್ದರೂ ನೆಲದಿಂದ ಎತ್ತುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಬೆನ್ನಿಗೆ ಅಪಾಯವಿರುವುದು ನೆಲದಿಂದ ಮೊಣಕಾಲಿನವರೆಗಿನ ಎತ್ತುಗೆಯಲ್ಲಿ. ಹೊಸ ಮನೆ ಕಟ್ಟುವವರು ಜಗಲಿಯನ್ನು ತೆಗೆದು ಹೊಳೆಯುವ ಟೈಲ್ಸಿನ ಮೆಟ್ಟಿಲು ಇಡುತ್ತಿದ್ದಾರೆ. ಅಂದಕ್ಕೆ ನಮ್ಮ ಆಕ್ಷೇಪವಿಲ್ಲ. ಕಣದ ಬಳಿಯಾದರೂ ಗಾಡಿಯ ಎತ್ತರಕ್ಕೆ ಒಂದು ಕಲ್ಲುಕಟ್ಟೆ ಇರಲಿ.

ಬೆಳಿಗ್ಗೆಯೇ ಎತ್ತಲೇಬೇಕಾದರೆ, ಎದ್ದು ಒಂದು ಗಂಟೆಯಾದರೂ ನಡೆದಾಡುವ ಕೆಲಸ ಮಾಡಿ, ಆಮೇಲೆ ಚೀಲಕ್ಕೆ ಬನ್ನಿ.

ಎರಡನೆಯದು ಚೀಲದ ತೂಕ. ಕಾಫಿಯ ಚೀಲ ಸಾಮಾನ್ಯವಾಗಿ 50 ಕಿಲೋದ ಆಸುಪಾಸಿನದು. ಅಡಿಕೆ ಚೀಲ 65, 70 ಕಿಲೋ ತೂಗುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲೇ, ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕಿಲೋಗಿಂತ ಹೆಚ್ಚಿದ್ದಲ್ಲಿ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿದೆ. ಅದು ಕೂಡ ಹೊತ್ತು ಅಭ್ಯಾಸವಿರುವ ಕಾರ್ಮಿಕನ ಲೆಕ್ಕ, ಐವತ್ತೈದು ವರ್ಷದ ತೋಟದ ಯಜಮಾನರದ್ದಲ್ಲ. ಚೀಲ ದೊಡ್ಡದಿದ್ದರೆ ಇಬ್ಬರು ಹಿಡಿಯಬೇಕು, ಇಲ್ಲವೇ ತುಂಬುವಾಗಲೇ ಎರಡು ಮಾಡಬೇಕು. ಮೊಣಕಾಲು ಮಡಚಿ ಎತ್ತಿ ಎಂದು ಎಲ್ಲರೂ ಹೇಳುತ್ತಾರೆ, ತಪ್ಪಲ್ಲ. ಆದರೆ ಅದಕ್ಕಿಂತ ದೊಡ್ಡದು, ಚೀಲ ಹೊಟ್ಟೆಗೆ ತಾಗಿಕೊಂಡಿರಬೇಕು, ಮತ್ತು ಎತ್ತಿದ ಮೇಲೆ ತಿರುಗಬೇಕಾದರೆ ಪಾದ ತಿರುಗಬೇಕು, ಸೊಂಟವಲ್ಲ.

ಇಳಿದ ಮೇಲೆ

ಮಂಡಿಗೆ ತಲುಪಿದ ಕೂಡಲೇ ಚೀಲದ ಹತ್ತಿರ ಹೋಗಬೇಡಿ. ಕಚೇರಿಗೆ ನಡೆದುಹೋಗಿ ಹೆಸರು ಬರೆಸಿ, ಅಂದಿನ ಧಾರಣೆಯ ಹಲಗೆ ಓದಿ, ಒಂದು ಚಹಾ ನಿಂತುಕೊಂಡೇ ಕುಡಿಯಿರಿ. ಸೊಂಟದ ಮೇಲೆ ಎರಡೂ ಕೈಯಿಟ್ಟು ನಾಲ್ಕಾರು ಸಲ ಮೆಲ್ಲಗೆ ಹಿಂದಕ್ಕೆ ಬಾಗಿ. ನೋಡಿದವರು ನಗುವುದಾದರೆ ನಗಲಿ. ಹತ್ತು-ಹದಿನೈದು ನಿಮಿಷ ಹೀಗೆ ಕಳೆದ ಮೇಲೆ ಎತ್ತುವ ಕೆಲಸವಿದ್ದರೆ ಎತ್ತಿ. ಹಮಾಲಿ ಕೂಲಿ ಉಳಿಸುವ ಆಸೆಯಿಂದ ತಾವೇ ಇಳಿಸುವವರಿಗೆ ಒಂದು ಲೆಕ್ಕ: ಸೊಂಟ ಹಿಡಿದು ಕೊಯ್ಲಿನ ನಡುವೆ ಒಂದು ವಾರ ಮೇಲೇಳದಿದ್ದರೆ ಎಷ್ಟು ಆಳಿನ ಕೂಲಿ ನಷ್ಟವಾಗುತ್ತದೆ? ಅದರ ಮುಂದೆ ನಾಲ್ಕು ಚೀಲದ ಹಮಾಲಿ ಎಷ್ಟರದು?

ಇದೇ ನಿಯಮ ಚೀಲವಿಲ್ಲದ ಪ್ರಯಾಣಕ್ಕೂ ಸಲ್ಲುತ್ತದೆ. ಗೊಬ್ಬರದ ಮೂಟೆ, ಗ್ಯಾಸ್ ಸಿಲಿಂಡರ್, ಬೆಂಗಳೂರಿನಿಂದ ಮಗಳು ತಂದ ಸೂಟ್‌ಕೇಸು, ಬಸ್ಸಿನ ಮೇಲಿನ ಗೂಡಿನಲ್ಲಿಟ್ಟ ಚೀಲ, ಯಾವುದಾದರೂ ಸರಿ. ಕುಳಿತಲ್ಲಿಂದ ಎದ್ದು ಅದೇ ಉಸಿರಿನಲ್ಲಿ ಎತ್ತಬೇಡಿ.

ಎಲ್ಲಿ ಕೂರಬೇಕು, ಹೇಗೆ ಕೂರಬೇಕು

ಬಸ್ಸಿನಲ್ಲಿ ಒಳ್ಳೆಯ ಜಾಗ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನದು. ಹಿಂದಿನ ಚಕ್ರಕ್ಕಿಂತಲೂ ಹಿಂದೆ ಇರುವ ಕೊನೆಯ ಸಾಲು ಏತದ ತುದಿಯಂತೆ. ಹಂಪು ಬಂದಾಗ ಕುಳಿತವರನ್ನು ಗಾಳಿಗೆ ಎಸೆದು ಮತ್ತೆ ಕುಕ್ಕುತ್ತದೆ. ಕೊನೆಯ ಸಾಲಿನಲ್ಲಿ ಕುಳಿತವರಿಗೆ ಹೀಗೆ ಒಂದೇ ಕುಕ್ಕಿಗೆ ಬೆನ್ನುಮಣಿ ಕುಸಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಮುಟ್ಟು ನಿಂತ ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎಲುಬು ಟೊಳ್ಳಾಗಿರುವುದರಿಂದ ಅವರನ್ನು ಕೊನೆಯ ಸಾಲಿಗೆ ಕಳಿಸಲೇಬಾರದು. ಧರ್ಮಸ್ಥಳಕ್ಕೋ ಶೃಂಗೇರಿಗೋ ಮನೆಮಂದಿಯೆಲ್ಲ ಹೊರಟಾಗ "ಹಿಂದೆ ಜಾಗ ಇದೆ, ಅಜ್ಜಿ ಅಲ್ಲಿ ಕೂರಲಿ" ಎನ್ನುವವರೇ ಹೆಚ್ಚು. ಮೊಮ್ಮಕ್ಕಳು ಹಿಂದೆ ಕೂರಲಿ, ಅವರಿಗೆ ಅದು ಆಟ.

ಜೀಪಿನ ಹಿಂಬದಿಯ ಅಡ್ಡ ಬೆಂಚು ಇನ್ನೂ ಕೆಟ್ಟದ್ದು. ತಿರುವಿಗೊಮ್ಮೆ ಸೊಂಟ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಆಗುಂಬೆ ಘಾಟಿಯಂಥ 14 ಕಡಿದಾದ ತಿರುವುಗಳ ದಾರಿಯಲ್ಲಿ ಬೆನ್ನುನೋವಿನವರಿಗೆ ಆ ಜಾಗ ಬೇಡ. ಪಿಕಪ್ಪಿನ ಹಿಂದೆ ಚೀಲಗಳ ಮೇಲೆ ಆಳುಗಳನ್ನು ಕೂರಿಸಿ ಒಯ್ಯುವುದು ಕಾನೂನಿಗೆ ವಿರುದ್ಧ. ಬಾಗಿಲ ಕಂಬಿ ಹಿಡಿದು ನೆಲದ ಮೇಲೆ ಕುಳಿತು ಬರುವ ಅವರ ಬೆನ್ನೂ ನಮ್ಮದರಂತೆಯೇ ಎಲುಬಿನದು. ಮಾಲು ಇಳಿಸಿ ಬರಿದಾದ ಪಿಕಪ್ ತುಂಬಿದ ಪಿಕಪ್ಪಿಗಿಂತ ಹೆಚ್ಚು ಕುಣಿಯುತ್ತದೆಂಬುದು ಓಡಿಸಿದವರಿಗೆಲ್ಲ ಗೊತ್ತು. ಹಿಂದಿರುಗುವಾಗ ಬೇಗ ಮನೆ ಸೇರುವ ಆತುರ ಬೇರೆ.

ಕೂರುವ ಭಂಗಿಯ ಬಗ್ಗೆ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಡಾ. ನಾಕೆಮ್ಸನ್ ಮತ್ತು ಸಂಗಡಿಗರು 1960-70ರ ದಶಕಗಳಲ್ಲಿ ಮೆತ್ತೆಯೊಳಗೇ ಸೂಜಿ ಇಳಿಸಿ ಒತ್ತಡವನ್ನು ಅಳೆದಿದ್ದರು. ಬೆನ್ನಿಗೆ ಒರಗಿದಷ್ಟೂ, ಸೊಂಟದ ಕುಳಿಗೆ ಆಧಾರ ಇದ್ದಷ್ಟೂ ಒತ್ತಡ ಇಳಿಯುತ್ತದೆಂದು ಅವರಿಗೆ ಕಂಡಿತು. ಸೈನಿಕನಂತೆ ನೆಟ್ಟಗೆ ಕೂರಬೇಕೆಂಬುದು ಶಾಲೆಯ ಮೇಷ್ಟರ ಪಾಠ. ಗಾಡಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿ ಕೂರುವುದೇ ಲೇಸು. ಒಂದು ಪಂಚೆಯನ್ನೋ ಟವೆಲನ್ನೋ ಮುಂಗೈ ದಪ್ಪ ಸುರುಳಿ ಮಾಡಿ, ಸೊಂಟದ ಕುಳಿಗೆ ಇಟ್ಟು ಒರಗಿ. ಅಂಗಡಿಯ ದಿಂಬು ಬೇಕೆಂದಿಲ್ಲ. ಗಾಡಿ ಓಡಿಸುವವರು ಸೀಟನ್ನು ಮುಂದೆಳೆದುಕೊಳ್ಳಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಸೊಂಟ ಸೀಟಿನ ಬೆನ್ನಿನಿಂದ ಬಿಟ್ಟುಕೊಳ್ಳಬಾರದು. ಹಿಂದಿನ ಜೇಬಿನ ದಪ್ಪ ಪರ್ಸನ್ನು ತೆಗೆದಿಡಿ. ಮಂಡಿಯ ಹಣ ಈಗ ಬ್ಯಾಂಕಿಗೆ ಹೋದರೂ ತೂಕದ ಚೀಟಿ, ಹಳೆ ರಸೀದಿಗಳಿಂದ ಅದು ತೆಳ್ಳಗಾಗಿಲ್ಲ. ಒಂದು ಕುಂಡೆಯನ್ನು ಎತ್ತರಿಸಿ ಕಾಲಿನ ನರವನ್ನು ಒತ್ತುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದೇ ಭಂಗಿಯಲ್ಲಿ ಎರಡು ಗಂಟೆ ಕೂರುವುದು ಸರಿಯಲ್ಲ. ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಒಮ್ಮೆ ಇಳಿದು ನೂರು ಹೆಜ್ಜೆ ನಡೆಯಿರಿ. ರಾತ್ರಿ ಬಸ್ಸಿನವರು ನಿಲ್ಲಿಸಿದಲ್ಲೆಲ್ಲ ಇಳಿಯಿರಿ. ರೈಲಿನಲ್ಲಂತೂ ಓಡಾಡಲು ಜಾಗವಿದೆ, ದೂರದ ಪ್ರಯಾಣಕ್ಕೆ ಬೆನ್ನಿನವರಿಗೆ ಅದೇ ಮೇಲು.

ಮೊಪೆಡ್ಡು, ಸ್ಕೂಟರಿನ ಮುಂದೆ ಚೀಲವಿಟ್ಟು ಮೊಣಕಾಲು ಅಗಲಿಸಿ ಓಡಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಹಾಗೆ ಕೂತಾಗ ಸೊಂಟ ಗೂನಾಗಿ, ಹೊಂಡ ಬಂದಾಗ ಕಾಲಿನ ಮೇಲೆ ಭಾರ ಬಿಡಲು ಆಗುವುದಿಲ್ಲ. ಬೈಕಿನವರು ಹೊಂಡ ಕಂಡಾಗ ಪಾದದ ಮೇಲೆ ಭಾರ ಹಾಕಿ ಕುಂಡೆಯನ್ನು ಒಂದಿಂಚು ಎತ್ತಿದರೆ ಏಟು ಕಾಲಿಗೆ ಹೋಗುತ್ತದೆ.

ದಾರಿಯಲ್ಲಿ ಹಿಡಿದುಕೊಂಡರೆ

ಹಾಗೂ ಹಿಡಿದುಕೊಂಡಿತು ಎನ್ನಿ. ಗಾಬರಿ ಬೇಡ. ಮೊದಲ ದಿನದ ನೋವು ಎಷ್ಟೇ ಭಯಂಕರವಿದ್ದರೂ ಬಹುಪಾಲು ಸೊಂಟ ಹಿಡಿತ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದಷ್ಟು ಮಟ್ಟಿಗೆ ನಿಂತು, ಮೆಲ್ಲಗೆ ನಡೆದಾಡಿ. ಗಾಡಿ ಹತ್ತುವಾಗ ಮೊದಲು ಸೀಟಿನ ಅಂಚಿಗೆ ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆಳೆದುಕೊಳ್ಳಿ. ಮನೆಗೆ ಬಂದು ಬಿಸಿನೀರಿನ ಶಾಖ ಕೊಟ್ಟರೆ ಹಿತ. ಹಾಸಿಗೆ ಹಿಡಿದು ಮಲಗುವುದು ಹಳೆಯ ಸಲಹೆ, ಅದನ್ನು ಬಿಡಬೇಕು. 1995ರಲ್ಲಿ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ ಪರೀಕ್ಷೆಯಲ್ಲಿ ಎರಡು ದಿನ ಮಲಗಿದವರಿಗಿಂತ, ತಾಳಿಕೊಳ್ಳುವಷ್ಟು ಮಟ್ಟಿಗೆ ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರು ಬೇಗ ಗುಣವಾದರು. ಕೆಲಸ ಎಂದರೆ ಚೀಲ ಹೊರುವುದಲ್ಲ, ತೋಟ ಸುತ್ತಿ ಬರುವುದು.

ಗುಳಿಗೆಯ ವಿಚಾರದಲ್ಲಿ ಎಚ್ಚರ ಬೇಕು. 2014ರಲ್ಲಿ ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಪ್ಯಾರಸಿಟಮಾಲ್ ಸೊಂಟ ಹಿಡಿತವನ್ನು ಬೇಗ ಗುಣಪಡಿಸಲಿಲ್ಲವೆಂದು ಕಂಡುಬಂದಿತು. ಡೈಕ್ಲೋಫೆನಾಕ್ ಜಾತಿಯವು ನೋವು ತಗ್ಗಿಸುತ್ತವೆ, ಆದರೆ ಹೊಟ್ಟೆಹುಣ್ಣು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ. ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನವರು ಕೊಟ್ಟದ್ದನ್ನು ನುಂಗಬೇಡಿ. ಸ್ನಾಯು ಸಡಿಲಿಸುವ ಗುಳಿಗೆಗಳಲ್ಲಿ ಕೆಲವು ತೂಕಡಿಕೆ ತರುತ್ತವೆ. ಅವನ್ನು ತೆಗೆದುಕೊಂಡು ಘಟ್ಟದಲ್ಲಿ ಗಾಡಿ ಓಡಿಸಿದರೆ ಬೆನ್ನಿನ ಚಿಂತೆ ಒಂದೇ ಸಲಕ್ಕೆ ಮುಗಿದೀತು! ಸೊಂಟಪಟ್ಟಿ ಕಟ್ಟಿಕೊಂಡರೆ ನೋವು ಬರುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಹಿಡಿತ ತಾನಾಗಿ ಬಿಡುವ ಹೊತ್ತಿಗೆ ಒದ್ದವರಿಗೆ ಕೀರ್ತಿ ಬರುತ್ತದೆ, ಮಣಿ ಟೊಳ್ಳಾಗಿದ್ದವರಿಗೆ ಮಾತ್ರ ಮುರಿತ ಬರಬಹುದು.

ಸ್ಕ್ಯಾನಿಂಗಿನಲ್ಲಿ "ಡಿಸ್ಕ್ ಉಬ್ಬಿದೆ" ಎಂದು ಬರೆದು ಬಂದ ಕೂಡಲೇ ಕೈಕಾಲು ಬಿಡಬೇಡಿ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಸ್ಕ್ಯಾನ್ ತೆಗೆದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದೇ ಉಬ್ಬು ಕಂಡಿತ್ತು.

ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಿವೆ. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಗುದದ್ವಾರದ ಸುತ್ತ ಮತ್ತು ತೊಡೆಸಂದಿಯಲ್ಲಿ ಸ್ಪರ್ಶ ಮರಗಟ್ಟಿದರೆ, ಕಾಲಿನ ಬಲ ಕುಂದಿ ಪಾದ ಎಳೆಯತೊಡಗಿದರೆ ಅಂದೇ, ಆ ರಾತ್ರಿಯೇ ಹೊರಡಬೇಕು. ಮರದಿಂದ ಬಿದ್ದ ಮೇಲಿನ ನೋವು, ಜ್ವರದೊಡನೆ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರ ನೋವು, ರಾತ್ರಿ ಮಲಗಿದರೂ ಬಿಡದ ನೋವು, ವಯಸ್ಸಾದವರಿಗೆ ಒಂದು ಕುಕ್ಕಿಗೆ ಬಂದ ನೋವು, ಇವನ್ನು ಉಳುಕೆಂದು ತಿಕ್ಕುತ್ತಾ ಕೂರಬಾರದು. ಮರದಿಂದ ಬಿದ್ದವರನ್ನು ಜೀಪಿನ ಸೀಟಿನಲ್ಲಿ ಮಡಚಿ ಕೂರಿಸಿ ಒಯ್ಯಬಾರದು. 108ಕ್ಕೆ ಫೋನು ಮಾಡಿ, ಅದು ಬರುವವರೆಗೆ ಮಲಗಿದಂತೆಯೇ ಅಲುಗಾಡಿಸದೆ ಇರಿಸಿ. ಆಂಬುಲೆನ್ಸು ಬರಲಾರದ ಜಾಗವಾದರೆ ಅಗಲ ಹಲಗೆಯ ಮೇಲೆ, ತಲೆ-ಕುತ್ತಿಗೆ-ಸೊಂಟ ಒಂದೇ ನೇರದಲ್ಲಿರುವಂತೆ ನಾಲ್ವರು ಹಿಡಿದು ರಸ್ತೆಯವರೆಗೆ ತರಬೇಕು.

ಸಂಘದಿಂದ ಆಗಬೇಕಾದದ್ದು

ಎಲ್ಲವನ್ನೂ ಬೆಳೆಗಾರರ ಮೇಲೆ ಹೊರಿಸಿ ಸುಮ್ಮನಿರುವುದು ನ್ಯಾಯವಲ್ಲ. ಗೋದಾಮಿನ ನೆಲ ಪಿಕಪ್ಪಿನ ಎತ್ತರಕ್ಕಿದ್ದರೆ, ಅಥವಾ ಬಾಗಿಲ ಮುಂದೆ ಅಷ್ಟೆತ್ತರದ ಒಂದು ಕಟ್ಟೆ ಇದ್ದರೆ ಚೀಲವನ್ನು ಇಳಿಸುವ ಪ್ರಶ್ನೆಯೇ ಬರುವುದಿಲ್ಲ, ಜಾರಿಸಿದರೆ ಸಾಕು. ಎರಡು ಚಕ್ರದ ಕೈಗಾಡಿಗಳು ನಾಲ್ಕಾರು ಇದ್ದರೆ ಕಾಟಾದವರೆಗಿನ ಹೊರೆ ತಪ್ಪುತ್ತದೆ. ಹಮಾಲಿಗಳ ಬೆನ್ನಿಗೂ ಅದು ಉಪಕಾರ, ಅವರು ನಮ್ಮಂತೆ ವರ್ಷಕ್ಕೆ ನಾಲ್ಕು ದಿನವಲ್ಲ, ದಿನಕ್ಕೆ ನೂರಾರು ಚೀಲ ಹೊರುವವರು. ಅಡಿಕೆಯನ್ನು 50 ಕಿಲೋದ ಚೀಲದಲ್ಲಿ ತಂದರೂ ಚೀಲದ ಲೆಕ್ಕದ ಕೂಲಿಯಲ್ಲಿ ಬೆಳೆಗಾರರಿಗಾಗಲಿ ಹಮಾಲಿಗಳಿಗಾಗಲಿ ನಷ್ಟವಾಗದಂತೆ ದರವನ್ನು ತೂಕಕ್ಕೆ ಹೊಂದಿಸಬೇಕು. ಇಲ್ಲದಿದ್ದರೆ ಯಾರೂ ಚಿಕ್ಕ ಚೀಲ ತರುವುದಿಲ್ಲ. ಈ ಮೂರು ವಿಷಯಗಳನ್ನು ಸದಸ್ಯರು ಮಹಾಸಭೆಯ ಮುಂಚೆ ಬರಹದಲ್ಲಿ ಆಡಳಿತ ಮಂಡಳಿಗೆ ಕೊಟ್ಟರೆ ಕಾರ್ಯಸೂಚಿಯಲ್ಲಿ ಸೇರಿಸಲು ಅನುಕೂಲ. ಕಟ್ಟೆಗೆ ಎಷ್ಟು ಎತ್ತರ ಬೇಕೆಂಬುದನ್ನು ನಿಮ್ಮ ನಿಮ್ಮ ಗಾಡಿಯ ಹಿಂಬಾಗಿಲ ಎತ್ತರವನ್ನು ಟೇಪಿನಲ್ಲಿ ಅಳೆದು, ಅದನ್ನೂ ಬರೆದು ಕೊಡಿ.